ಠಾಣೆಯ ಕಾಜಿ, ಮಂಗಳೂರಿನ ಪಾದ್ರಿ ಮತ್ತು ‘ದೇವರಿದ್ದಾನೆ’ ಎಂಬ ಮಾತು

ಘಣಸೋಲಿಯಲ್ಲಿ ಟ್ರಾನ್ಸ್ ಹಾರ್ಬರ್ ಗಾಡಿ ಹತ್ತಿದರೆ ರಬಾಳೆ, ಐರೋಲಿ ಕಳೆದು ಸ್ವಲ್ಪ ಹೊತ್ತಿಗೆ ಠಾಣೆ. ಸ್ಟೇಷನ್ ಸೇರುವ ಮುಂಚೆ ಗಾಡಿ ಖಾಡಿಯ ಮೇಲೆ ಹಾದುಹೋಗುತ್ತದೆ. (ನಮ್ಮ ಊರ ಕಡೆ ಸಮುದ್ರದ ಉಪ್ಪು ನೀರು ಒಳಗೆ ನುಗ್ಗಿ ನಿಲ್ಲುತ್ತದಲ್ಲ, ಅದೇ ಇಲ್ಲಿ ಖಾಡಿ.) ಬೆಳಿಗ್ಗೆ ಎಂಟೂವರೆಯ ಗರ್ದಿಯಲ್ಲಿ ಯಾರೂ ಆ ನೀರಿನ ಕಡೆ ನೋಡುವುದಿಲ್ಲ. ಆದರೆ 1321ರ ಏಪ್ರಿಲ್ ತಿಂಗಳಲ್ಲಿ, ಈ ಖಾಡಿಯ ಆಚೆ ದಡದ ಠಾಣೆಯಲ್ಲಿ, ದೇವರ ವಿಷಯದಲ್ಲಿ ಒಂದು ವಾದ ನಡೆಯಿತು. ವಾದ ಮಾಡಿದವರಲ್ಲಿ ಒಂದು ಪಕ್ಷದವರು ಎರಡು ಮೂರು ದಿನಗಳೊಳಗೆ ಜೀವಂತ ಉಳಿಯಲಿಲ್ಲ.

ನಾನು ಬಿ.ಕಾಂ. ಓದಿದವನು. ದೇವತಾಶಾಸ್ತ್ರ ನನ್ನ ಸಬ್ಜೆಕ್ಟ್ ಅಲ್ಲ. ಆದರೂ ಒಂದು ಪ್ರಶ್ನೆ ಬಹಳ ದಿನಗಳಿಂದ ತಲೆಯಲ್ಲಿದೆ. ದೇವರಿದ್ದಾನೆ ಎಂದು ನಂಬುವುದಕ್ಕೆ ಕ್ರೈಸ್ತರು ನೂರಾರು ವರ್ಷ ಕೂತು ಕಾರಣಗಳನ್ನು ಪಟ್ಟಿ ಮಾಡಿದ್ದಾರೆ, ಒಂದೊಂದನ್ನೂ ತಿಕ್ಕಿ ತೀಡಿದ್ದಾರೆ. ಆ ಕಾರಣಗಳು ಹಡಗು ಹತ್ತಿ ನಮ್ಮ ನೆಲಕ್ಕೆ ಬಂದಾಗ, ಕನ್ನಡದ ಬಾಯಿಗೆ ಬಂದಾಗ, ಅವುಗಳ ಗತಿ ಏನಾಯಿತು? ಕರಾವಳಿಯವನಾದ ನನಗೆ ಇದು ದೂರದ ವಿಷಯವೂ ಅಲ್ಲ. ನಾವು ಬೆಳೆದದ್ದೇ ಬಾಸೆಲ್ ಮಿಶನ್ನಿನವರು ತೋರಿಸಿಕೊಟ್ಟ ಹಂಚಿನ ಮಾಡಿನ ಕೆಳಗೆ.

ಮೊದಲು ಠಾಣೆಯ ಕತೆ ಮುಗಿಸುತ್ತೇನೆ.

ದೇವಗಿರಿಯ ಯಾದವರ ಆಳ್ವಿಕೆ ಮುಗಿದು ಠಾಣೆ ದಿಲ್ಲಿ ಸುಲ್ತಾನರ ಕೈಗೆ ಬಂದು ಆಗ ಕೆಲವೇ ವರ್ಷಗಳಾಗಿದ್ದವು. (ಯಾದವರ ಎಷ್ಟೋ ಶಾಸನಗಳು ಕನ್ನಡದಲ್ಲಿವೆ. ಇಲ್ಲಿನ ಗೆಳೆಯರಿಗೆ ಹೇಳಿದರೆ ಒಪ್ಪುವುದಿಲ್ಲ, ಇರಲಿ.) ಫ್ರಾನ್ಸಿಸ್ಕನ್ ಪಂಥದ ನಾಲ್ವರು, ಟೋಲೆಂಟಿನೋದ ತೋಮಸ್, ಪಾದುವಾದ ಜೇಮ್ಸ್, ಸಿಯೆನಾದ ಪೀಟರ್, ಟಿಫ್ಲಿಸ್‌ನ ದೆಮೆಟ್ರಿಯಸ್, ಹೊರ್ಮುಜ್‌ನಿಂದ ಕೊಲ್ಲಂಗೆ ಹೊರಟಿದ್ದರು. ಗಾಳಿ ಅವರನ್ನು ಠಾಣೆಗೆ ತಂದು ಹಾಕಿತು. ಅವರ ಜೊತೆ ಬಂದಿದ್ದ ಜೋರ್ಡಾನಸ್ ಎಂಬ ಡೊಮಿನಿಕನ್ ಪಾದ್ರಿ ಗುಜರಾತಿನ ಕಡೆ ಹೋಗಿದ್ದರಿಂದ ಉಳಿದುಕೊಂಡ. ಆಗಲೇ ಠಾಣೆಯಲ್ಲಿ ನೆಸ್ಟೋರಿಯನ್ ಕ್ರೈಸ್ತರ ಹದಿನೈದು ಮನೆಗಳಿದ್ದವಂತೆ. ಅವುಗಳಲ್ಲೊಂದರಲ್ಲಿ ಈ ನಾಲ್ವರು ಇಳಿದುಕೊಂಡಿದ್ದರು. ಒಂದು ದಿನ ಆ ಮನೆಯ ಯಜಮಾನ ಹೆಂಡತಿಗೆ ಹೊಡೆದ. ಅವಳು ಸೀದಾ ಕಾಜಿಯ ಹತ್ತಿರ ದೂರು ಒಯ್ದಳು. ‘ಸಾಕ್ಷಿ ಯಾರು?’ ಎಂದು ಕಾಜಿ ಕೇಳಿದ. ‘ಮನೆಯಲ್ಲಿ ನಾಲ್ಕು ಮಂದಿ ಪಾದ್ರಿಗಳಿದ್ದಾರೆ, ಅವರೇ ಸಾಕ್ಷಿ’ ಎಂದಳು.

ನೋಡಿ, ಚರಿತ್ರೆ ಎಂತೆಂಥ ಬಾಗಿಲಿನಿಂದ ಒಳಗೆ ಬರುತ್ತದೆ! ಗಂಡ ಹೆಂಡಿರ ಜಗಳದ ಸಾಕ್ಷಿಗೆಂದು ಕರೆಸಿದವರ ಜೊತೆ ಧರ್ಮದ ವಾದ ಶುರುವಾಯಿತು. ಮುಂದೆ ಇದೇ ದಾರಿಯಲ್ಲಿ ಬಂದು ಕತೆಯನ್ನು ಬರೆದಿಟ್ಟ ಓಡೊರಿಕ್ ಎಂಬ ಪಾದ್ರಿಯ ಪ್ರಕಾರ, ಕಾಜಿಯ ವಾದ ಇಷ್ಟೇ: ಯೇಸು ಮನುಷ್ಯ, ದೇವರಲ್ಲ. ತೋಮಸ್ ದೃಷ್ಟಾಂತಗಳನ್ನು ಕೊಟ್ಟು ಉತ್ತರಿಸಿದ. ಕೊನೆಗೆ ಕಾಜಿ ತಮ್ಮ ಪ್ರವಾದಿಯ ಬಗ್ಗೆ ಏನನ್ನುತ್ತೀರಿ ಎಂದು ಕೇಳಿದ. ಪಾದ್ರಿಗಳು ಮೊದಲು ಜಾರಿಕೊಳ್ಳಲು ನೋಡಿದರು. ಒತ್ತಾಯ ಹೆಚ್ಚಿದಾಗ ಕಟುವಾಗಿ ಹೇಳಿಬಿಟ್ಟರು. ಆಮೇಲೆ ಬಿಸಿಲಲ್ಲಿ ನಿಲ್ಲಿಸಿದ್ದು, ಬೆಂಕಿಗೆ ತಳ್ಳಿದ್ದು, ಊರಿನ ಅಧಿಕಾರಿಯೇ ‘ಇಲ್ಲಿಂದ ಓಡಿಹೋಗಿ’ ಎಂದು ಬಿಟ್ಟುಕೊಟ್ಟದ್ದು, ರಾತ್ರಿ ಹುಡುಕಿಸಿ ಕೊಂದದ್ದು. ಮೂವರು ಏಪ್ರಿಲ್ 9ರಂದು, ಪೀಟರ್ 11ರಂದು. ಜೋರ್ಡಾನಸ್ ಬಂದು ಅವರನ್ನು ಸೋಪಾರಾದಲ್ಲಿ, ಅಂದರೆ ಈಗಿನ ನಾಲಾಸೋಪಾರಾದಲ್ಲಿ, ಮಣ್ಣು ಮಾಡಿದ. ಇದು ಒಂದು ಪಕ್ಷದವರು ಬರೆದ ಕತೆ, ಕಾಜಿಯ ಕಡೆಯ ಮಾತು ನಮ್ಮ ಕೈಗೆ ಸಿಕ್ಕಿಲ್ಲ ಎನ್ನುವುದು ನೆನಪಿರಲಿ. ಬೆಂಕಿಯಿಂದ ಜೇಮ್ಸ್ ಸುಡದೆ ಎದ್ದು ಬಂದ ಎಂಬ ಭಾಗವನ್ನು ನಂಬುವುದೂ ಬಿಡುವುದೂ ನಿಮಗೆ ಬಿಟ್ಟದ್ದು.

ನನ್ನ ಗಮನ ಹೋದದ್ದು ಬೇರೆ ಕಡೆಗೆ. ಅಷ್ಟು ದೊಡ್ಡ ವಾದದಲ್ಲಿ, ನಾಲ್ಕು ಜೀವ ಹೋದ ವಾದದಲ್ಲಿ, ‘ದೇವರು ಇದ್ದಾನೆಯೇ?’ ಎಂಬ ಪ್ರಶ್ನೆ ಏಳಲೇ ಇಲ್ಲ! ಕಾಜಿಗೂ ಸಂಶಯವಿಲ್ಲ, ಪಾದ್ರಿಗಳಿಗೂ ಸಂಶಯವಿಲ್ಲ, ದೂರು ಕೊಟ್ಟ ಹೆಂಗಸಿಗೂ ಸಂಶಯವಿಲ್ಲ. ಅದರ ಬಗ್ಗೆ ಎಲ್ಲರೂ ಒಂದೇ.

ಅದೇ ಕಾಲದಲ್ಲಿ ಯುರೋಪಿನಲ್ಲಿ ಆ ಪ್ರಶ್ನೆಗೆ ಅಚ್ಚುಕಟ್ಟಾದ ಉತ್ತರ ತಯಾರಾಗಿ ಅರ್ಧ ಶತಮಾನ ಕಳೆದಿತ್ತು. ತೋಮಸ್ ಅಕ್ವಿನಾಸ್ (ಸುಮಾರು 1225–1274) ಐದು ದಾರಿಗಳನ್ನು ಹೇಳಿದ. ಚಲಿಸುವ ವಸ್ತುವಿಗೆ ಚಲಿಸುವಂತೆ ಮಾಡಿದ್ದು ಇನ್ನೊಂದು ಇರಬೇಕು. ಕಾರ್ಯಕ್ಕೆ ಕಾರಣ ಇರಬೇಕು. ಇದ್ದೂ ಇಲ್ಲದಾಗುವ ವಸ್ತುಗಳ ಹಿಂದೆ ಇಲ್ಲದಾಗದ ಒಂದು ಇರಬೇಕು. ಹೆಚ್ಚು ಒಳ್ಳೆಯದು, ಕಡಿಮೆ ಒಳ್ಳೆಯದು ಎನ್ನಬೇಕಾದರೆ ಪೂರ್ತಿ ಒಳ್ಳೆಯದೊಂದು ಇರಬೇಕು. ಬುದ್ಧಿಯಿಲ್ಲದ ವಸ್ತುಗಳೂ ಗುರಿ ಇಟ್ಟಂತೆ ನಡೆಯುವುದರಿಂದ ನಡೆಸುವವನೊಬ್ಬ ಇರಬೇಕು. ಅಷ್ಟು ದಪ್ಪ ದಪ್ಪ ಸಂಪುಟಗಳ ಆ ಗ್ರಂಥದಲ್ಲಿ ಈ ಐದಕ್ಕೆ ಸಿಕ್ಕಿರುವುದು ಹೆಚ್ಚೆಂದರೆ ಎರಡು ಪುಟ. ಮುಂದಕ್ಕೆ ಹೋಗಿ ‘ಆ ದೇವರು ಎಂಥವನು’ ಎಂಬ ವಿಚಾರ ಸಾವಿರಾರು ಪುಟ. ಅಕ್ವಿನಾಸನ ಓದುಗರಲ್ಲೂ ಸಂಶಯವಾದಿಗಳು ಹೆಚ್ಚಿರಲಿಲ್ಲ, ಅಡಿಪಾಯ ಹಾಕಿ ಮುಂದೆ ಹೋದ, ಅಷ್ಟೇ. ಠಾಣೆಯ ಘಟನೆ ನಡೆದ ಎರಡು ವರ್ಷಕ್ಕೆ, 1323ರಲ್ಲಿ, ಅವನನ್ನು ಸಂತನೆಂದು ಘೋಷಿಸಿದರು.

ಈಗ ನಮ್ಮ ಊರಿನ ಕಡೆ ಬನ್ನಿ. ಅಕ್ವಿನಾಸ್ ಪ್ಯಾರಿಸ್ಸಿನಲ್ಲಿ ಪಾಠ ಹೇಳುತ್ತಿದ್ದ ಕಾಲದಲ್ಲೇ ಉಡುಪಿಯ ಮಧ್ವಾಚಾರ್ಯರು (1238–1317) ಇದ್ದರು. ದೇವರು ಉಂಟು, ಒಬ್ಬನೇ, ಅವನು ಜಗತ್ತಿಗಿಂತ ಬೇರೆ, ಜೀವರು ಅವನಿಗೆ ಅಧೀನ. ಮಧ್ವರ ಈ ಮಾತುಗಳನ್ನು ಹೆಸರು ತೆಗೆದು ಅಕ್ವಿನಾಸನ ಮುಂದಿಟ್ಟರೆ ಅವನು ಬಹುಪಾಲಿಗೆ ತಲೆ ಆಡಿಸುತ್ತಿದ್ದ. ಆದರೆ ಒಂದು ಕಡೆ ಇಬ್ಬರೂ ಬೇರೆಯಾಗುತ್ತಾರೆ. ಬರೀ ಊಹೆಯಿಂದ, ತರ್ಕದಿಂದ ದೇವರನ್ನು ಸ್ಥಾಪಿಸಲು ಆಗದು ಎನ್ನುತ್ತಾರೆ ಮಧ್ವರು. ಯಾಕೆಂದರೆ ಒಂದು ಅನುಮಾನಕ್ಕೆ ಎದುರು ಅನುಮಾನವನ್ನು ಯಾರು ಬೇಕಾದರೂ ಹೂಡಬಹುದು. ದೇವರನ್ನು ತಿಳಿಸಬೇಕಾದದ್ದು ಶಾಸ್ತ್ರವೇ. ರಾಮಾನುಜರೂ ಹಾಗೆಯೇ ವಾದಿಸಿದವರು.

ಹಾಗಾದರೆ ತರ್ಕದಿಂದ ಸಾಧಿಸಲು ಹೊರಟವರು ನಮ್ಮಲ್ಲಿ ಇರಲಿಲ್ಲವೇ? ಧಾರಾಳವಾಗಿ ಇದ್ದರು. ನ್ಯಾಯಶಾಸ್ತ್ರದ ಉದಯನ ಅಕ್ವಿನಾಸನಿಗಿಂತ ಎರಡು ಶತಮಾನಕ್ಕೂ ಹಿಂದೆ ‘ನ್ಯಾಯಕುಸುಮಾಂಜಲಿ’ಯನ್ನು ಅದಕ್ಕೆಂದೇ ಬರೆದ. ಮಡಕೆ ಇದ್ದರೆ ಕುಂಬಾರ ಇರಬೇಕಲ್ಲ, ಎಂಬ ಹಳೆಯ ವಾದಕ್ಕೆ ಅವನು ಕಟ್ಟಿದ ಕೋಟೆ ಅದು. 1802ರಲ್ಲಿ ಇಂಗ್ಲೆಂಡಿನ ವಿಲಿಯಂ ಪೇಲಿ ‘ದಾರಿಯಲ್ಲಿ ಗಡಿಯಾರ ಬಿದ್ದಿದ್ದರೆ ಅದನ್ನು ಮಾಡಿದವನೊಬ್ಬ ಇರಬೇಕಲ್ಲ’ ಎಂದಾಗ ಕುಂಬಾರ ಗಡಿಯಾರದ ಕೆಲಸಕ್ಕೆ ಸೇರಿಕೊಂಡ, ಅಷ್ಟೇ ವ್ಯತ್ಯಾಸ. ಇನ್ನು ಇಲ್ಲ ಎಂದವರು? ಅವರೂ ಕನ್ನಡ ನೆಲದಲ್ಲೇ. ರಾಷ್ಟ್ರಕೂಟ ಅಮೋಘವರ್ಷನ ಗುರು ಜಿನಸೇನಾಚಾರ್ಯರು ಒಂಬತ್ತನೆಯ ಶತಮಾನದಲ್ಲಿ ತಮ್ಮ ಆದಿಪುರಾಣದಲ್ಲಿ ಸೃಷ್ಟಿಕರ್ತನ ವಾದವನ್ನು ಒಂದೊಂದೇ ಎಳೆ ಹಿಡಿದು ಬಿಚ್ಚಿ ಹಾಕಿದ್ದಾರೆ. ಮಾಡುವ ಮುಂಚೆ ಅವನೆಲ್ಲಿದ್ದ, ಯಾವ ಸಾಮಗ್ರಿಯಿಂದ ಮಾಡಿದ, ಪೂರ್ಣನಾದವನಿಗೆ ಮಾಡುವ ಆಸೆ ಯಾಕೆ ಹುಟ್ಟಿತು, ಹೀಗೆ. ಪಂಪ ರನ್ನರು ಹುಟ್ಟಿದ್ದು ಇದೇ ಜೈನ ಪರಂಪರೆಯಲ್ಲಿ. ಅಂದರೆ ನಮ್ಮ ಕನ್ನಡದ ಆದಿಕವಿ ಸೃಷ್ಟಿಕರ್ತನನ್ನು ಒಪ್ಪದ ಧರ್ಮದವನು!

ಬಾಸೆಲ್ ಮಿಶನ್ನಿನ ಹೆಬಿಕ್, ಲೇನರ್, ಗ್ರೈನರ್ 1834ರಲ್ಲಿ ಮಂಗಳೂರಿನಲ್ಲಿ ಇಳಿದಾಗ, ಇಂಥ ಪೇಟೆಗೆ ಸರಕು ತಂದಿದ್ದರು. ಎರಡು ವರ್ಷದ ಮೇಲೆ ಹರ್ಮನ್ ಮೊಗ್ಲಿಂಗ್ ಬಂದರು. ಅವರಿಗಾಗ ಇಪ್ಪತ್ತೈದು ವಯಸ್ಸು. ಓದಿದ್ದು ಟ್ಯೂಬಿಂಗನ್‌ನಲ್ಲಿ. ಅಲ್ಲಿ ಆ ದಿನಗಳಲ್ಲಿ ಕ್ರೈಸ್ತ ನಂಬಿಕೆಗೆ ಒಳಗಿನಿಂದಲೇ ಬಿರುಕು ಬಿಟ್ಟಿತ್ತು. ಕಾಂಟ್ 1781ರಲ್ಲೇ ದೇವರ ಅಸ್ತಿತ್ವವನ್ನು ಶುದ್ಧ ತರ್ಕದಿಂದ ಸಾಧಿಸಲಾಗದು ಎಂದು ಹೇಳಿಬಿಟ್ಟಿದ್ದ. ಡೇವಿಡ್ ಸ್ಟ್ರಾಸ್ 1835ರಲ್ಲಿ ಯೇಸುವಿನ ಜೀವನಚರಿತ್ರೆ ಬರೆದು ಪವಾಡಗಳನ್ನೆಲ್ಲ ಪುರಾಣ ಎಂದ. ಮೊಗ್ಲಿಂಗರ ಗೆಳೆಯ, ಮುಂದೆ ಮಲಯಾಳಂ ನಿಘಂಟು ಮಾಡಿದ ಗುಂಡರ್ಟ್, ಹುಡುಗನಾಗಿದ್ದಾಗ ಇದೇ ಸ್ಟ್ರಾಸ್‌ನ ಪ್ರಭಾವದಲ್ಲಿ ಸಿಕ್ಕಿ ಹೊರಬಂದವರು. ಹಾಗಾಗಿ ಸಂಶಯ ಅಂದರೆ ಏನು ಎಂದು ಇವರಿಗೆ ಚೆನ್ನಾಗಿ ಗೊತ್ತಿತ್ತು. ಸಂಶಯಕ್ಕೆ ಮದ್ದು ಹುಡುಕಿ, ತರ್ಕ ಬಿಟ್ಟು ಹೃದಯದ ಅನುಭವವನ್ನು ಹಿಡಿದವರು. ಪಿಯೆಟಿಸ್ಟರು ಎಂದು ಅವರನ್ನು ಕರೆಯುತ್ತಾರೆ. ನಮ್ಮ ಭಕ್ತಿಪಂಥದವರನ್ನು ನೆನೆಸಿಕೊಂಡರೆ ಸ್ವಲ್ಪ ಹತ್ತಿರ ಬರಬಹುದು.

ಅಂಥವರು ಮಂಗಳೂರು, ಹುಬ್ಬಳ್ಳಿ, ಧಾರವಾಡದ ಸಂತೆಗಳಲ್ಲಿ ನಿಂತು ‘ದೇವರಿದ್ದಾನೆ’ ಎಂದರೆ ಜನ ಏನೆನ್ನಬೇಕು? ‘ಹೌದು ಸ್ವಾಮಿ, ಇದ್ದಾನೆ’ ಎನ್ನುತ್ತಾರೆ. ‘ದೇವರು ಒಬ್ಬನೇ’ ಎಂದರೆ ‘ಅಯ್ಯೋ, ನಮ್ಮ ಅಜ್ಜಿಗೂ ಗೊತ್ತು’ ಎನ್ನುತ್ತಾರೆ. ಪ್ರಶ್ನೆ ಕೇಳುವ ಮುಂಚೆಯೇ ಉತ್ತರ ಜಮಾ ಆಗಿರುವ ಖಾತೆ ಅದು.

ಅದಕ್ಕಿಂತ ಮುಖ್ಯ ಇನ್ನೊಂದಿದೆ. ಕನ್ನಡದಲ್ಲಿ ‘ದೇವರಿದ್ದಾನೆ’ ಅನ್ನುವ ಮಾತನ್ನು ನಾವು ಯಾವಾಗ ಆಡುತ್ತೇವೆ, ಸ್ವಲ್ಪ ಯೋಚಿಸಿ. ಆಪರೇಷನ್ ಥಿಯೇಟರಿನ ಹೊರಗೆ ಕೂತವರ ಹೆಗಲ ಮೇಲೆ ಕೈ ಇಟ್ಟು ಆಡುತ್ತೇವೆ. ಮಗ ಪರೀಕ್ಷೆಯಲ್ಲಿ ಫೇಲಾದಾಗ ಆಡುತ್ತೇವೆ. ಸಾಲದ ಮೂರು ಕಂತು ಬಾಕಿ ಇಟ್ಟವರು ನನ್ನ ಟೇಬಲ್ಲಿನ ಎದುರು ಕೂತು ‘ದೇವರಿದ್ದಾನೆ ಸಾರ್, ಕಟ್ತೇನೆ’ ಎಂದದ್ದು ಎಷ್ಟು ಸಲವೋ! ಅನ್ಯಾಯವಾದಾಗ ಹಲ್ಲು ಕಚ್ಚಿ ‘ಮೇಲೊಬ್ಬ ದೇವರಿದ್ದಾನೆ’ ಎನ್ನುವುದೂ ಉಂಟು. ಇಲ್ಲೆಲ್ಲೂ ನಾವು ಒಂದು ವಸ್ತು ಇದೆಯೋ ಇಲ್ಲವೋ ಎಂಬ ವರದಿ ಕೊಡುತ್ತಿಲ್ಲ. ಧೈರ್ಯ ಹೇಳುತ್ತಿದ್ದೇವೆ, ಗಡುವು ಕೇಳುತ್ತಿದ್ದೇವೆ, ಶಾಪ ಹಾಕುತ್ತಿದ್ದೇವೆ. ಜರ್ಮನಿಯಿಂದ ಬಂದ ಪಾದ್ರಿಗೆ ಎಷ್ಟೇ ಚೆನ್ನಾಗಿ ಕನ್ನಡ ಬಂದರೂ, ಆ ಎರಡು ಪದ ಆಗಲೇ ಬೇರೆ ಕೆಲಸದಲ್ಲಿ ಸಿಕ್ಕಿಕೊಂಡಿದ್ದವು.

ಆದ್ದರಿಂದ ವಾದದ ಜಾಗ ಬದಲಾಯಿತು. ದೇವರು ಇದ್ದಾನೆಯೇ ಎನ್ನುವುದನ್ನು ಬಿಟ್ಟು, ಇರುವ ದೇವರು ಎಂಥವನು, ಅವನ ಮುಂದೆ ನೀನು ಯಾರು ಎಂಬ ಕಡೆಗೆ. ಮೊಗ್ಲಿಂಗರ ಪುಸ್ತಕಗಳ ಹೆಸರನ್ನೇ ನೋಡಿ: 1845ರ ‘ಜಾತಿ ವಿಚಾರಣೆ’, ಆಮೇಲಿನ ‘ದೇವವಿಚಾರಣೆ’. (ಬ್ಯಾಂಕಿನವರಿಗೆ ವಿಚಾರಣೆ ಎಂದರೆ ಎದೆ ಧಸಕ್ಕೆನ್ನುತ್ತದೆ!) ಮಿಶನ್ನಿನವರು ಹಂಚಿದ ‘ಹೃದಯದರ್ಪಣ’ ಎಂಬ ಚಿತ್ರದ ಪುಸ್ತಕವಂತೂ ಪೂರ್ತಿ ಈ ದಾರಿಯದ್ದು. ಮನುಷ್ಯನ ಹೃದಯದ ಚಿತ್ರ, ಅದರೊಳಗೆ ನವಿಲು, ಹಂದಿ, ಹಾವು, ಆಮೆ ಹೀಗೆ ಒಂದೊಂದು ಪಾಪಕ್ಕೆ ಒಂದೊಂದು ಪ್ರಾಣಿ. ಯುರೋಪಿನಲ್ಲಿ ಪಾಪಗಳು ಏಳು. ನಮ್ಮಲ್ಲಿ ಅರಿಷಡ್ವರ್ಗ, ಆರು. ಒಂದು ಹೆಚ್ಚು ಕಡಿಮೆ, ಆದರೆ ಕನ್ನಡದ ಓದುಗನಿಗೆ ಅದನ್ನು ಯಾರೂ ವಿವರಿಸಬೇಕಾಗಿರಲಿಲ್ಲ.

ಉತ್ತರ ಕರ್ನಾಟಕದಲ್ಲಿ ಇನ್ನೂ ವಿಚಿತ್ರ ನಡೆಯಿತು. ಹುಬ್ಬಳ್ಳಿ ಕಡೆ ಕಾಲಜ್ಞಾನವನ್ನು ನಂಬಿದ ಕೆಲವು ಗುಂಪುಗಳಿದ್ದವು. ಪರದೇಶದ ಗುರುಗಳು ಬಂದು ಸತ್ಯಧರ್ಮ ಹೇಳುತ್ತಾರೆ ಎಂದು ಅವರ ಗ್ರಂಥಗಳಲ್ಲಿತ್ತಂತೆ. 1839–40ರ ಸುಮಾರಿಗೆ ಅವರು ತಾವಾಗಿ ಪಾದ್ರಿಗಳನ್ನು ಹುಡುಕಿಕೊಂಡು ಬಂದರು. ಪಾದ್ರಿಗಳು ಕಾರಣ ಕೊಡಬೇಕಾಗಿಯೇ ಇರಲಿಲ್ಲ, ಕಾರಣ ಅವರ ಕೈಯಲ್ಲೇ ಇತ್ತು! ಮಿಶನ್ನಿನವರಿಗೆ ಆಸೆ ಗಗನಕ್ಕೇರಿತು. ಅಂಥವರನ್ನು ನೆಲೆಗೊಳಿಸಲೆಂದು ಗದಗಿನ ಹತ್ತಿರ ಮಲಸಮುದ್ರದಲ್ಲಿ 1841ರಲ್ಲಿ ಜಮೀನು ಹಿಡಿದು ಒಂದು ವಸತಿಯನ್ನೂ ಮಾಡಿದರು. ಆದರೆ ಮನೆ, ಮಠ, ಬಳಗ ಬಿಟ್ಟು ಬರಬೇಕು ಎಂಬ ಮಾತು ಬಂದಾಗ ಬಂದವರು ಬಂದ ಹಾಗೆ ಹಿಂದಿರುಗಿದರು.

ನಮ್ಮ ಮುಂಬಯಿಯಲ್ಲೂ ಇಂಥದೇ ವಾದ ಬಹಿರಂಗವಾಗಿ ನಡೆದಿದೆ. ವಿಷ್ಣುಬಾವಾ ಬ್ರಹ್ಮಚಾರಿ ಎಂದು ಪ್ರಸಿದ್ಧರಾದ ವಿಷ್ಣು ಭಿಕಾಜಿ ಗೋಖಲೆ ಮೊದಲು ಕಸ್ಟಮ್ಸ್‌ನಲ್ಲಿ ನೌಕರಿಗಿದ್ದವರು. 1857ರ ಜನವರಿಯಿಂದ ಮೇ ತನಕ ವಾರವಾರ ಸಂಜೆ ಸಮುದ್ರದ ದಂಡೆಯಲ್ಲಿ ಜಾರ್ಜ್ ಬೋವನ್ ಮೊದಲಾದ ಮಿಶನರಿಗಳಿಗೂ ಅವರಿಗೂ ಸವಾಲು ಜವಾಬು. ಬೋವನ್ ಅದನ್ನು ಇಂಗ್ಲಿಷಿನಲ್ಲಿ ಅಚ್ಚು ಹಾಕಿಸಿದರು, ಮರಾಠಿಯಲ್ಲೂ ಪುಸ್ತಕ ಬಂತು. ಇಲ್ಲಿಯೂ ಜಗಳ ಆದದ್ದು ದೇವರು ಎಂಥವನು, ಯಾವ ಶಾಸ್ತ್ರ ಪ್ರಮಾಣ ಎಂದೇ. ಆ ಮೇ ತಿಂಗಳಲ್ಲಿ ಮೀರತ್‌ನಲ್ಲಿ ದಂಗೆ ಎದ್ದಿತು, ಅಷ್ಟರಲ್ಲಿ ದಂಡೆಯ ವಾದವೂ ನಿಂತಿತು.

ಈಗ ಆನಂದರಾವ್ ಕೌಂಡಿಣ್ಯರ ವಿಷಯ. ಇಡೀ ಕತೆಯಲ್ಲಿ ನನ್ನನ್ನು ಹೆಚ್ಚು ಕಾಡಿದವರು ಇವರು.

ಮಂಗಳೂರಿನ ಸಾರಸ್ವತ ಬ್ರಾಹ್ಮಣ ಮನೆತನದ ಹುಡುಗ, ಮೊಗ್ಲಿಂಗರ ಇಂಗ್ಲಿಷ್ ಶಾಲೆಯ ವಿದ್ಯಾರ್ಥಿ. 1844ರ ಜನವರಿ 6ರಂದು ಅವರು ದೀಕ್ಷಾಸ್ನಾನ ಮಾಡಿಸಿಕೊಂಡರು. ಮೊಗ್ಲಿಂಗರು ಮಂಗಳೂರು ಸಮಾಚಾರ ಶುರುಮಾಡಿ ಆಗ ಬರೀ ಆರು ತಿಂಗಳು. ಊರಲ್ಲಿ ದೊಡ್ಡ ಗಲಾಟೆಯಾಯಿತು. ಜನ ಮಕ್ಕಳನ್ನು ಶಾಲೆ ಬಿಡಿಸಿದರು. ಕೌಂಡಿಣ್ಯರ ಹೆಂಡತಿ ಅವರ ಜೊತೆ ಬರಲಿಲ್ಲ. 1846ರಲ್ಲಿ ಮೊಗ್ಲಿಂಗರು ಮಗನಂತೆ ಅವರನ್ನು ಕರೆದುಕೊಂಡು ಬಾಸೆಲ್‌ಗೆ ಹೋದರು. ಐದು ವರ್ಷ ಅಲ್ಲಿ ಓದಿ, 1851ರಲ್ಲಿ ಪಾದ್ರಿಯಾಗಿ ವಾಪಸು ಬಂದರು. ಅದೂ ಆ ಕಾಲದಲ್ಲಿ, ಸಮುದ್ರ ದಾಟಿ!

ಇಲ್ಲಿ ಪಾಸ್ಕಲ್‌ನ ಪಂದ್ಯ ನೆನಪಾಗುತ್ತದೆ. ಫ್ರಾನ್ಸಿನ ಗಣಿತಜ್ಞ ಪಾಸ್ಕಲ್ ಸತ್ತ ಮೇಲೆ 1670ರಲ್ಲಿ ಅಚ್ಚಾದ ಅವನ ಟಿಪ್ಪಣಿಗಳಲ್ಲಿ ಒಂದು ಲೆಕ್ಕಾಚಾರವಿದೆ. ದೇವರಿದ್ದಾನೆಂದು ನಂಬಿ ನಡೆ. ಇದ್ದರೆ ಲಾಭಕ್ಕೆ ಮಿತಿಯಿಲ್ಲ, ಇಲ್ಲದಿದ್ದರೆ ಹೋಗುವುದು ಅಲ್ಪ. ಕ್ರೈಸ್ತರು ಕೊಟ್ಟ ಕಾರಣಗಳಲ್ಲಿ ಬ್ಯಾಂಕಿನವನಿಗೆ ತಕ್ಷಣ ಅರ್ಥವಾಗುವುದು ಇದೊಂದೇ. ಮೂವತ್ತು ವರ್ಷ ಸಾಲದ ಪ್ರಪೋಸಲ್ ನೋಡಿದ ಕಣ್ಣಿಂದ ನೋಡಿದರೆ ಅದರಲ್ಲಿ ಎರಡು ತೊಂದರೆ ಕಾಣುತ್ತದೆ. ಒಂದು, ಠೇವಣಿ ಯಾವ ಬ್ಯಾಂಕಿನಲ್ಲಿ ಇಡುವುದು? ಪಾಸ್ಕಲ್‌ನ ಊರಿನಲ್ಲಿ ಬ್ಯಾಂಕು ಒಂದೇ ಇತ್ತು. ಮಂಗಳೂರಿನಲ್ಲಿ ಕದ್ರಿ ಮಂಜುನಾಥ, ಮಂಗಳಾದೇವಿ, ಸಾರಸ್ವತರ ವೆಂಕಟರಮಣ, ಊರೂರಿಗೆ ದೈವಗಳು, ರೋಸಾರಿಯೋ ಇಗರ್ಜಿ, ಮಸೀದಿ, ಸ್ವಲ್ಪ ಆಚೆ ಮೂಡುಬಿದಿರೆಯ ಬಸದಿಗಳು. ಎರಡನೆಯದು ಇನ್ನೂ ದೊಡ್ಡದು. ಹೋಗುವುದು ಅಲ್ಪ ಎಂದು ಯಾರು ಹೇಳಿದ್ದು? ಕೌಂಡಿಣ್ಯರಿಗೆ ಹೋದದ್ದು ಮನೆ, ಹೆಂಡತಿ, ಬಳಗ. 1844ರಲ್ಲಿ ಜಾತಿ ಬಿಟ್ಟವನಿಗೆ ಪಿತ್ರಾರ್ಜಿತದ ಹಕ್ಕೂ ಹೋಗುತ್ತಿತ್ತು. ಅದನ್ನು ತಪ್ಪಿಸುವ ಕಾನೂನು ಇಡೀ ದೇಶಕ್ಕೆ ಬಂದದ್ದು 1850ರಲ್ಲಿ. ಮತಾಂತರವಾದವರ ಹಳೆಯ ಮದುವೆಯನ್ನು ಏನು ಮಾಡಬೇಕು ಎಂಬುದಕ್ಕೆ ಕಾನೂನು ಬಂದದ್ದು 1866ರಲ್ಲಿ. ಅಷ್ಟರಲ್ಲಿ ಕೌಂಡಿಣ್ಯರು 1860ರಲ್ಲಿ ಮರಿಯಾ ರೈನ್‌ಹಾರ್ಟ್ ಎಂಬ ಜರ್ಮನ್ ಹೆಣ್ಣನ್ನು ಮದುವೆಯಾಗಿದ್ದರು.

ಇದನ್ನೆಲ್ಲ ಓದುವಾಗ ಕೌಂಡಿಣ್ಯರ ಹೋಗಲಿ, ಆ ಮೊದಲ ಹೆಂಡತಿಯ ಲೆಕ್ಕವನ್ನು ಯಾರು ಬರೆದರು ಅನ್ನಿಸುತ್ತದೆ. ಗಂಡ ದೇವರನ್ನು ಹುಡುಕಿಕೊಂಡು ಹೋದ, ಒಳ್ಳೆಯದೇ. ಅವಳಿಗೂ ಒಬ್ಬ ದೇವರಿದ್ದ. ಅವನನ್ನು ಬಿಡಲು ಅವಳಿಗೆ ಕಾರಣ ಕಾಣಲಿಲ್ಲ. ನನಗೆ ಕೇಳಿದರೆ ಅದೂ ಒಂದು ನಂಬಿಕೆಯೇ, ಅದಕ್ಕೆ ಅವಳು ತೆತ್ತದ್ದೂ ಕಡಿಮೆಯಲ್ಲ.

ನನ್ನ ಜೊತೆ ವಾಶಿಯ ಬ್ರಾಂಚಿನಲ್ಲಿ ಕೆಲಸ ಮಾಡಿದ ಗೆಳೆಯನೊಬ್ಬ ಬೆಟಗೇರಿಯವನು. ಬಾಸೆಲ್ ಮಿಶನ್ ಮೂಲದ, ಈಗ ಸಿ.ಎಸ್.ಐ. ಸಭೆಗೆ ಸೇರಿದ ಕುಟುಂಬ. ಊಟದ ಡಬ್ಬಿ ಬಿಚ್ಚಿ ಕೂತಾಗ ಒಮ್ಮೆ ಕೇಳಿದ್ದೆ, ‘ಅಲ್ಲ ಮಾರಾಯ್ರೆ, ನಿಮ್ಮ ಹಿರಿಯರಿಗೆ ಆ ಪಾದ್ರಿಗಳು ಏನು ಕಾರಣ ಕೊಟ್ಟು ಒಪ್ಪಿಸಿದರು?’ ಅಂತ. ಅವನು ರೊಟ್ಟಿ ಮುರಿಯುತ್ತ ಹೇಳಿದ: ‘ದೇವ್ರು ಅದಾನೋ ಇಲ್ಲೋ ಅನ್ನೋದು ನಮ್ಮ ಮುತ್ತಜ್ಜಗ ಪ್ರಶ್ನೇನ ಆಗಿರಲಿಲ್ರೀ ಸರ. ಆ ದೇವ್ರ ಮುಂದ ಹೋಗಿ ನಿಂದ್ರಾಕ ತನಗ ಬಿಡ್ತಾರೋ ಇಲ್ಲೋ, ಅದು ಪ್ರಶ್ನೆ ಇತ್ತು.’ ಸ್ವಲ್ಪ ಹೊತ್ತು ಬಿಟ್ಟು, ‘ಹಂಗಂತ ಚರ್ಚಿನ್ಯಾಗ ಎಲ್ಲಾ ಸರಿ ಹೋತು ಅಂತಲ್ಲ. ಯಾರು ಯಾರ ಬಾಜೂಕ ಕೂಡಬೇಕು ಅಂತ ಅಲ್ಲೂ ಜಗಳ ಆಗಿದ್ವಂತ, ನಮ್ಮಜ್ಜಿ ಹೇಳ್ತಿದ್ಲು’ ಎಂದು ನಕ್ಕ.

ಅವನ ಮಾತಿನ ಮುಂದೆ ಅಕ್ವಿನಾಸನ ಐದು ದಾರಿಗಳನ್ನು ಇಟ್ಟು ನೋಡಿದೆ. ಐದೂ ದಾರಿ ದೇವಸ್ಥಾನದ ಬಾಗಿಲ ತನಕ ಬರುತ್ತವೆ. ಬಾಗಿಲು ಯಾರಿಗೆ ತೆರೆದಿದೆ ಎಂಬುದು ಅವನ ಪಟ್ಟಿಯಲ್ಲಿಲ್ಲ. ಮೊಗ್ಲಿಂಗರು ಜಾತಿಯ ಬಗ್ಗೆ ಪುಸ್ತಕ ಬರೆಯಬೇಕಾದದ್ದು ಸುಮ್ಮನೆ ಅಲ್ಲ. ಜಾತಿ ಬಿಟ್ಟು ಬಂದವರಿಗೆ ಹೊಟ್ಟೆಪಾಡು ಬೇಕಲ್ಲ, ಅದಕ್ಕಾಗಿ ನೇಯ್ಗೆ, ಅಚ್ಚುಕೂಟ, 1865ರಲ್ಲಿ ಜೆಪ್ಪುವಿನ ಹಂಚಿನ ಕಾರ್ಖಾನೆ. ‘ಅಕ್ಕಿಗಾಗಿ ಹೋದರು’ ಎಂದು ಹಗುರಾಗಿ ಮಾತಾಡುವವರು ಇಂದಿಗೂ ಇದ್ದಾರೆ. ಊರಿನ ಎಲ್ಲಾ ಬಾಗಿಲು ಮುಚ್ಚಿದ ಮೇಲೆ ಅಕ್ಕಿ ಬೇಕಾಗುತ್ತದೆ ಎಂದು ಮಾತ್ರ ಅವರಿಗೆ ಹೊಳೆಯುವುದಿಲ್ಲ.

ಅತ್ತ 1859ರಲ್ಲಿ ಡಾರ್ವಿನ್‌ನ ಪುಸ್ತಕ ಬಂದು ಪೇಲಿಯ ಗಡಿಯಾರದ ಕೀಲಿ ಸಡಿಲಾಯಿತು. ರೋಮಿನವರು 1870ರ ಮಹಾಸಭೆಯಲ್ಲಿ ‘ಮನುಷ್ಯನ ಬುದ್ಧಿಯ ಬೆಳಕಿನಿಂದಲೇ ದೇವರನ್ನು ನಿಶ್ಚಯವಾಗಿ ತಿಳಿಯಬಹುದು’ ಎಂದು ಠರಾವು ಮಾಡಿದರು. ಅದೇ ಹೊತ್ತಿಗೆ ನಮ್ಮ ಕಡೆ ಫರ್ಡಿನಾಂಡ್ ಕಿಟೆಲ್ ಬೇರೆ ದಾರಿ ಹುಡುಕುತ್ತಿದ್ದರು. 1853ರಲ್ಲಿ ಬಂದವರು. 1862ರಲ್ಲಿ ಯೇಸುವಿನ ಕತೆಯನ್ನು ಕನ್ನಡದ ಛಂದಸ್ಸಿನಲ್ಲಿ ಕಟ್ಟಿ ‘ಕಥಾಮಾಲೆ’ ಎಂದು ಕೊಟ್ಟರು. 1872ರಲ್ಲಿ ‘ಯಜ್ಞಸುಧಾನಿಧಿ’ ಎಂಬ ಪುಸ್ತಿಕೆ ಬರೆದು, ವೇದಕಾಲದ ಯಜ್ಞಗಳ ವಿಚಾರವನ್ನೇ ಹಿಡಿದು ಕ್ರಿಸ್ತನ ಬಲಿದಾನದ ಕಡೆಗೆ ನಡೆದರು. ಗಡಿಯಾರ ಬೇಡ, ಕುಂಬಾರ ಬೇಡ, ನಿಮ್ಮ ಹೋಮಕುಂಡದಿಂದಲೇ ಶುರುಮಾಡೋಣ ಎಂಬ ಧಾಟಿ. ಅದನ್ನು ಓದಿ ಎಷ್ಟು ಜನ ವೈದಿಕರು ಮನಸ್ಸು ಬದಲಿಸಿದರೋ ದೇವರಿಗೇ ಗೊತ್ತು. (ನೋಡಿ, ಮತ್ತೆ ಅದೇ ಮಾತು ಬಾಯಿಗೆ ಬಂತು.) ಆದರೆ ಆ ಮನುಷ್ಯ ವೇದ ಓದಿದ, ಲಿಂಗಾಯತರ ಕತೆಗಳನ್ನು ಓದಿದ, ನಾಗವರ್ಮನ ಛಂದಸ್ಸನ್ನು 1875ರಲ್ಲಿ ಸಂಪಾದಿಸಿ ಕೊಟ್ಟ. ಒಪ್ಪಿಸಲು ಬಂದವನು ಕೂತು ಕೇಳಿಸಿಕೊಳ್ಳಲು ಶುರುಮಾಡಿದ್ದ.

ಮೊಗ್ಲಿಂಗರದೂ ಅದೇ ಕತೆ. ನಿವೃತ್ತ ಇಂಗ್ಲಿಷ್ ಜಡ್ಜ್ ಕಾಸಾಮೇಜರ್ ಕೊಟ್ಟ ಹಣದಿಂದ 1848ರಿಂದ ‘ಬಿಬ್ಲಿಯೊಥೆಕಾ ಕರ್ನಾಟಿಕಾ’ ಎಂಬ ಮಾಲೆಯಲ್ಲಿ ಜೈಮಿನಿ ಭಾರತ, ಬಸವಪುರಾಣ, ಚನ್ನಬಸವಪುರಾಣಗಳನ್ನು ಕಲ್ಲಚ್ಚಿನಲ್ಲಿ ಹೊರತಂದರು. 1850ರಲ್ಲಿ ದಾಸರ ಪದಗಳು, ಸುಮಾರು 170. ಪುರಂದರದಾಸರು ಕನಕದಾಸರು ಮೊತ್ತಮೊದಲು ಅಚ್ಚಿನಲ್ಲಿ ಕಂಡದ್ದು ಮಂಗಳೂರಿನ ಬಲ್ಮಠದ ಮಿಶನ್ ಪ್ರೆಸ್ಸಿನಲ್ಲಿ! ಜನರ ನಂಬಿಕೆಯನ್ನು ಅರಿತು ಎದುರಿಸಬೇಕು ಎಂಬ ಉದ್ದೇಶ ಅದರ ಹಿಂದೆ ಇದ್ದೀತು. ಆದರೆ ಎದುರಿಸಲೆಂದು ಮಾತ್ರ ಒಬ್ಬ ಅಷ್ಟು ಪದಗಳನ್ನು ಆರಿಸಿ, ತಿದ್ದಿ, ಕಲ್ಲಿನ ಮೇಲೆ ಬರೆಸಲಾರ. ಡೊಂಬಿವಲಿಯ ನಮ್ಮ ಭಜನಾ ಮಂಡಳಿಯ ಹೆಂಗಸರು ಶನಿವಾರ ಹಾಡುವ ಪದಗಳಲ್ಲಿ ಕೆಲವಾದರೂ ಆ 170ರಲ್ಲಿ ಇರಬೇಕು.

ಮೊಗ್ಲಿಂಗರು ಕೊಡಗಿನಲ್ಲಿ ಕೆಲವು ವರ್ಷ ಕೆಲಸ ಮಾಡಿ, 1860ರಲ್ಲಿ ಜರ್ಮನಿಗೆ ವಾಪಸಾಗಿ, 1881ರಲ್ಲಿ ತೀರಿಕೊಂಡರು. ಕೌಂಡಿಣ್ಯರು ಮಂಗಳೂರಿನ ದೇವಜ್ಞಾನ ಶಾಲೆಯಲ್ಲೂ ಕೊಡಗಿನಲ್ಲೂ ದುಡಿದು 1893ರಲ್ಲಿ ಹೋದರು. ಕೊಡಗಿನ ಆನಂದಪುರ ಅವರ ಹೆಸರಿನದು. ಮರುವರ್ಷ, 1894ರಲ್ಲಿ, ಕಿಟೆಲ್ಲರ ನಿಘಂಟು ಮಂಗಳೂರಿನಲ್ಲಿ ಅಚ್ಚಾಯಿತು, ಸುಮಾರು 70,000 ಪದಗಳು.

ಅಂದಹಾಗೆ ಠಾಣೆಯ ಆ ತೋಮಸ್ ಏನಾದ? ಅವನ ಮೂಳೆಗಳನ್ನು ಓಡೊರಿಕ್ ಹಡಗಿನಲ್ಲಿ ಚೀನಾಕ್ಕೆ ಒಯ್ದ. ರೋಮಿನಿಂದ ಅವನಿಗೆ ‘ಧನ್ಯ’ ಎಂಬ ಪದವಿ ಮಂಜೂರಾದದ್ದು ಕಿಟೆಲ್ ನಿಘಂಟು ಬಂದ ಅದೇ 1894ರಲ್ಲಿ. ಸತ್ತು 573 ವರ್ಷಗಳಾದ ಮೇಲೆ. ನಮ್ಮ ಬ್ಯಾಂಕಿನ ಪ್ರಮೋಶನ್ ಲಿಸ್ಟೇ ಎಷ್ಟೋ ವಾಸಿ.